ಮೂರು ಸರ್ವರ್, ಒಂದು ಬಾಗಿಲು

ಎ.ಸಿ.ಯ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಕೆಳಗಿಟ್ಟ ಬಕೆಟ್ಟಿಗೆ ಒಂದು ಹನಿ, ಇನ್ನು ನಿಂತೇಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು, ಈ ಸರ್ವರ್ ಕೋಣೆಗೆ ಚಳಿ ಬೇಕು, ಮನುಷ್ಯರಿಗೆ ಬೇಡ, ಶಾಲನ್ನು ಕುತ್ತಿಗೆಗೆ ಸುತ್ತಿಕೊಂಡು ಮತ್ತೆ ಒತ್ತುತ್ತೇನೆ, ಮತ್ತೆ ಅದೇ ಕೆಂಪು ಸಾಲು, ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ — ಸರಿಯಿದೆ ಕಣೋ, ನಾನೇ ಹಾಕಿಕೊಟ್ಟ ಪಾಸ್‌ವರ್ಡು, ನನ್ನ ಮುಂದೇನೇ ಸುಳ್ಳು ಹೇಳ್ತೀಯಾ — ಯಂತ್ರಗಳನ್ನು ಬೈಯುವುದು ಅಣ್ಣನಿಂದ ಕಲಿತದ್ದು, ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೂತು ಪ್ರಿಂಟರನ್ನು ಮಾವ ಎಂದು ಕರೆಯುತ್ತಿದ್ದ, ಏನ್ ಮಾವ, ಇವತ್ತೂ ಮುನಿಸಾ, ಬಿಡಿಭಾಗ ಕೇಳಲು ಬಂದ ಫಿಟ್ಟರುಗಳು ಗೊಳ್ಳೆಂದು ನಗುತ್ತಿದ್ದರು, ಈಗ ಆ ಕುರ್ಚಿಯಲ್ಲಿ ಯಾರೂ ಇಲ್ಲ, ಅದರ ಮೇಲೆ ಯಾರೋ ರಟ್ಟಿನ ಪೆಟ್ಟಿಗೆ ಇಟ್ಟಿದ್ದಾರೆ, ನಾನು ನೋಡಿದೆ, ತೆಗೆಯಬೇಕೆನಿಸಿತು, ತೆಗೆಯಲಿಲ್ಲ. ಮೂರು ಸರ್ವರ್. ಒಂದು ಮುಖ್ಯ ಕಚೇರಿಯದು, ಒಂದು ಕಂಪನಿ ಕೊಂಡುಕೊಂಡ ಇನ್ನೊಂದು ಸಣ್ಣ ಕಂಪನಿಯ ಜೊತೆ ಬಳುವಳಿಯಾಗಿ ಬಂದದ್ದು, ಮೂರನೆಯದು ಕಾರ್ಖಾನೆಯದು, ಎಲ್ಲಕ್ಕಿಂತ ಮುದುಕ, ಒಂದೇ ಮನೆಯಲ್ಲಿ ಮೂರು ಒಲೆ. ಎಲ್ಲಾ ಸೇರಿಸಿ ಒಂದೇ ಬಾಗಿಲು ಮಾಡಿ ಅಂದರು ಮ್ಯಾನೇಜರ್, ಜನ ಮನೆಯಲ್ಲಿ ಕೂತು ಬ್ರೌಸರ್ ತೆಗೀಬೇಕು, ಹೆಸರು ಹಾಕ್ಬೇಕು, ಅವರವರ ಮೇಲ್ ಅವರವರಿಗೆ ಕಾಣ್ಬೇಕು, ಯಾವುದು ಯಾವ ಸರ್ವರಲ್ಲಿದೆ ಅಂತ ಅವರಿಗೆ ಗೊತ್ತಾಗ್ಲೇಬಾರದು — ಆಗುತ್ತೆ ಸಾರ್ ಅಂದೆ, ಯೋಚಿಸದೆ ಅಂದೆ, ಏಕೆಂದರೆ ಅದಕ್ಕೂ ಮುಂಚೆ ಸಿಬ್ಬಂದಿ ವಿಭಾಗದ ಮೇಡಂ ನನ್ನನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದ್ದರು.

ಕೆಟ್ಟವರಲ್ಲ ಆಕೆ, ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು, ನನ್ನ ಕೈ ಹಿಡಿದುಕೊಂಡರು, ನೋಡಿ, ನಿಮ್ಮಣ್ಣನ ಕೆಲಸ ನಾನಾಗಿ ತೆಗೆಯಲ್ಲ, ಲಕ್ವ ಹೊಡೆದು ಕಾಲು ಬರದೇ ಇದ್ರೂ ಪರವಾಗಿಲ್ಲ, ಮಾತು ಬರದೇ ಇದ್ರೂ ಪರವಾಗಿಲ್ಲ, ಸ್ಟೋರ್ಸ್ ಪತ್ರವ್ಯವಹಾರ ಮನೆಯಿಂದಲೇ ನೋಡ್ಕೊಳ್ಳಲಿ, ನಾನೊಂದು ಮೇಲ್ ಹಾಕ್ತೀನಿ, ಅವರಿಂದ ಒಂದು ಉತ್ತರ ಬರಲಿ, ಒಂದೇ ಒಂದು, ಅದನ್ನು ಹಿಡ್ಕೊಂಡು ಮೇಲಿನವರ ಹತ್ರ ಮಾತಾಡ್ತೀನಿ. ಆ ಸಂಜೆಯೇ ಅತ್ತಿಗೆಗೆ ಹೇಳಿದೆ, ಅತ್ತಿಗೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ, ಬೆನ್ನು ಹಾಕಿಕೊಂಡೇ ಅಂದಳು, ಮೊನ್ನೆ ಪೇಪರ್ ತಲೆಕೆಳಗಾಗಿ ಹಿಡ್ಕೊಂಡಿದ್ರು, ಪುಟ ಕೂಡ ತಿರುವಿದ್ರು. ಫೋಟೋ ನೋಡ್ತಿದ್ದಿರಬೇಕು ಅತ್ತಿಗೆ, ಅಂದೆ ನಾನು. ಇರಬೋದು, ಅಂದಳು. ಆಸ್ಪತ್ರೆಯ ಡಾಕ್ಟರು ಒಂದು ಚೀಟಿಯಲ್ಲಿ ಏನೋ ಬರೆದು ತೋರಿಸಿದಾಗಲೂ ಅಣ್ಣ ಚೀಟಿಯನ್ನು ಬಿಟ್ಟು ಡಾಕ್ಟರ ಪೆನ್ನನ್ನೇ ನೋಡಿದ್ದ, ಚಂದದ ಪೆನ್ನು, ಯಾರಾದರೂ ನೋಡುತ್ತಾರೆ ಅಲ್ಲವೇ — ಬಲಗೈ ಬಿದ್ದುಹೋಗಿದೆ, ಎಡಗೈ ಇದೆ, ತಲೆ ಸರಿಯಾಗಿದೆ, ನನ್ನನ್ನು ಕಂಡರೆ ಬಾಯಿಯ ಒಂದು ಕಡೆ ನಗುತ್ತದೆ, ನಗುವವನಿಗೆ ಅಕ್ಷರ ಮರೆತಿರುತ್ತದೆಯೇ, ನನಗೆ ಅಕ್ಷರ ಕಲಿಸಿದವನೇ ಅವನು, ಎಲ್ಲಿ ಹೋದರೂ ಹಿಂದೆ ಹಿಂದೆ ಹೋಗುತ್ತಿದ್ದೆನೆಂದು ಬಾಲ ಅಂತಲೇ ಹೆಸರಿಟ್ಟ, ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೇಲೂ ಕೆಳಗಿನ ಸ್ಟೋರ್ಸ್‌ನಿಂದ ಮೇಲೆ ನನಗೆ ಮೇಲ್ ಬರುತ್ತಿತ್ತು, ಏ ಬಾಲ, ಊಟ ಆಯ್ತಾ, ಒಂದು ಮಹಡಿ ಹತ್ತಿ ಕೇಳಬಹುದಿತ್ತು, ಹತ್ತುತ್ತಿರಲಿಲ್ಲ, ನಿನ್ನ ಸರ್ವರ್ ಸೋಮಾರಿ ಆಗ್ಬಾರದಲ್ವಾ ಎನ್ನುತ್ತಿದ್ದ.

ಎರಡು ಸರ್ವರು ಮೊದಲ ದಿನವೇ ಮಾತು ಕೇಳಿದವು, ಬಾಗಿಲಲ್ಲಿ ಹೊಸ ಯಂತ್ರವೊಂದನ್ನು ಕೂರಿಸಿದೆ, ಬಂದವರ ಹೆಸರು ನೋಡಿ, ನೀನು ಆ ಕೋಣೆಗೆ ಹೋಗು, ನೀನು ಈ ಕೋಣೆಗೆ ಎಂದು ಕಳಿಸಿಕೊಡುವ ಕೆಲಸ ಅದಕ್ಕೆ, ಕಚೇರಿಯವರು ಮನೆಯಿಂದ ಮೇಲ್ ನೋಡಿ ಶಭಾಸ್ ಅಂದರು, ಮ್ಯಾನೇಜರ್ ಬೆನ್ನು ತಟ್ಟಿದಂತೆ ಗಾಳಿಯಲ್ಲಿ ಕೈ ಆಡಿಸಿದರು, ಕಾರ್ಖಾನೆಯ ಮುದುಕ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ, ಅಣ್ಣನ ಮೇಲ್ ಇರುವುದು ಅದರಲ್ಲೇ. ಅದು ಬಿಟ್ಟುಬಿಡಿ, ಅಂದರು ಮ್ಯಾನೇಜರ್, ಕಾರ್ಖಾನೆಯವರಿಗೆ ಮನೇಲಿ ಮೇಲ್ ಯಾಕೆ ಬೇಕು. ಬೇಕು ಸಾರ್, ಅಂದೆ, ದನಿ ಜೋರಾಯಿತು, ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೆಳಗಿನಿಂದ ಇಲ್ಲೇ ಇದ್ದೇನೆ, ಊಟದ ಡಬ್ಬಿ ತೆರೆದಿಲ್ಲ, ಮುದುಕನ ದಾಖಲೆಯಲ್ಲಿ ಒಂದೊಂದೇ ಸಾಲು ಓದುತ್ತೇನೆ, ಇಂಥವರು ಬಂದರು, ಇಂಥವರು ನಮ್ಮಲ್ಲಿಲ್ಲ, ಇಂಥವರು ಬಂದರು, ಇಂಥವರು ನಮ್ಮಲ್ಲಿಲ್ಲ — ನಮ್ಮಲ್ಲಿಲ್ಲ ಎಂದರೆ, ಪಾಸ್‌ವರ್ಡಿನ ತಕರಾರೇ ಅಲ್ಲ ಇದು, ಹೆಸರಿನದು, ಬಾಗಿಲಿನ ಯಂತ್ರ ಪೂರಾ ವಿಳಾಸ ಹೇಳುತ್ತಿದೆ, ಮೇಲ್ ವಿಳಾಸದಲ್ಲಿ @ ಆದಮೇಲಿನ ಬಾಲ ಸಮೇತ, ಮುದುಕನಿಗೆ ಹೆಸರಷ್ಟೇ ಗೊತ್ತು, ಬಾಲ ಕತ್ತರಿಸಬೇಕು ಅಷ್ಟೇ, ಥೂ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಯಿತು, ಒಂದು ಸಾಲು ಬರೆಯುತ್ತೇನೆ, ಉಳಿಸುತ್ತೇನೆ, ಮತ್ತೆ ಶುರು ಮಾಡುತ್ತೇನೆ, ಅಣ್ಣನ ಹೆಸರು, ಪಾಸ್‌ವರ್ಡು, ಒತ್ತಿದೆ — ತೆರೆದುಕೊಂಡಿತು. ಸ್ಟೋರ್ಸ್‌ನ ಹಳೆಯ ಮೇಲ್‌ಗಳೆಲ್ಲ ಮೇಲಿನಿಂದ ಕೆಳಗೆ, ಬೇರಿಂಗು, ವಾಷರು, ಬೆಲ್ಟು, ತುದಿಯಲ್ಲಿ ಸಿಬ್ಬಂದಿ ವಿಭಾಗದವರದು, ನನಗೂ ಒಂದು ಪ್ರತಿ ಹಾಕಿದ್ದಾರೆ, ಹೇಗಿದ್ದೀರಿ, ನಿಮಗೆ ಅನುಕೂಲವಾದಾಗ ಎರಡು ಸಾಲು ಬರೆಯಿರಿ. ನಾನು ಒಬ್ಬಳೇ ಜೋರಾಗಿ ನಕ್ಕೆ, ಏನ್ ಮಾವ, ಬಗ್ಗಿದೆಯಾ.

ಅತ್ತಿಗೆಗೆ ಫೋನ್ ಮಾಡಿದೆ. ಕಂಪ್ಯೂಟರ್ ಮುಂದೆ ಕೂರಿಸು, ಹೆಸರು ಪಾಸ್‌ವರ್ಡ್ ನೀನೇ ಹಾಕು, ಸಿಬ್ಬಂದಿ ವಿಭಾಗದವರ ಮೇಲ್ ತೆಗೆದು ಎಲ್ಲರಿಗೂ ಉತ್ತರ ಅನ್ನೋದು ಒತ್ತಿಡು, ಆಮೇಲೆ ಅವನಿಗೆ ಬಿಡು. ಬಂತು, ಬಂತು, ಅಂದಳು ಅತ್ತಿಗೆ, ಅವಳ ದನಿಯಲ್ಲಿ ಎಷ್ಟೋ ದಿನದಿಂದ ಕೇಳದ ಏನೋ ಒಂದು, ಎಲ್ಲಾ ಕಾಣ್ತಿದೆ, ನೋಡ್ತಿದಾರೆ, ಎಡಗೈ ಎತ್ತಿದ್ರು, ಇರು ನಾನು ಆ ಕಡೆ ಹೋಗ್ತೀನಿ, ನಾನಿದ್ರೆ ಅವರಿಗೆ ಸಂಕೋಚ — ಒಲೆ ಹಚ್ಚಿದ ಸದ್ದು, ಚಮಚದ ಸದ್ದು, ಫೋನನ್ನು ಕಿವಿಗೆ ಒತ್ತಿಕೊಂಡು ನಾನು ಇಲ್ಲಿ, ಬರೀಲಿ, ಏನಾದರೂ ಬರೀಲಿ, ಚೆನ್ನಾಗಿದ್ದೇನೆ ಎಂದಷ್ಟೇ ಬರೀಲಿ, ತಪ್ಪಿದ್ದರೂ ಪರವಾಗಿಲ್ಲ, ಊಟ ಆಯ್ತಾ ಎಂದು ಬರೆದರೂ ಸಾಕು. ಅತ್ತಿಗೆ ಮತ್ತೆ ಫೋನಿಗೆ ಬಂದಳು, ಬರ್ದಾಯ್ತಾ ಅಂತ ಅವರನ್ನ ಕೇಳ್ದೆ, ತಲೆ ಆಡಿಸಿದ್ರು, ನಾನೇ ಕಳಿಸು ಅನ್ನೋದು ಒತ್ತಿಬಿಟ್ಟೆ, ಅಂದಳು, ತುಂಬಾ ಬರ್ದಿದಾರೆ ಕಣೆ, ಪುಟಗಟ್ಟಲೆ.

ಬಂತು. ತೆರೆದೆ. ಒಂದೇ ಅಕ್ಷರ. ಒಂದೇ ಅಕ್ಷರ ಈ ಅಂಚಿನಿಂದ ಆ ಅಂಚಿಗೆ, ಕೆಳಗಿನ ಸಾಲಿನಲ್ಲೂ ಅದೇ, ಅದರ ಕೆಳಗೂ ಅದೇ, ಎಳೆದಷ್ಟೂ ಪುಟ ಬರುತ್ತದೆ, ನಡುವೆ ಎಲ್ಲಾದರೂ ಬೇರೆ ಅಕ್ಷರವಿದೆಯೇ, ಖಾಲಿ ಜಾಗವಾದರೂ ಇದೆಯೇ, ಎಳೆಯುತ್ತೇನೆ, ಎಳೆಯುತ್ತೇನೆ — ಅತ್ತಿಗೆಗೆ ಕಾಣಲಿಲ್ಲವೇ, ಕನ್ನಡಕ ಹಾಕಿರಲಿಲ್ಲವೇನೋ, ಕಂಡೂ ಹಾಗೆ ಹೇಳಿದಳೇನೋ — ಈಗಲೇ ಸಿಬ್ಬಂದಿ ವಿಭಾಗದವರ ಮೇಲ್ ಪೆಟ್ಟಿಗೆಗೆ ಹೋಗಿ ಇದನ್ನು ಅಳಿಸಬಹುದು, ಎಲ್ಲ ಕೋಣೆಯ ಕೀಲಿ ನನ್ನ ಹತ್ತಿರ ಇದೆ, ಅಣ್ಣನ ಹೆಸರಿನಲ್ಲಿ ನಾನೇ ಎರಡು ಸಾಲು ಬರೆಯಬಹುದು, ಅವನ ಧಾಟಿ ನನಗೆ ಬಾಯಿಪಾಠ, ಇವತ್ತು ಬರೆಯುತ್ತೇನೆ, ನಾಳೆಯೂ ಬರೆಯುತ್ತೇನೆ, ಆಮೇಲೆ ಬೇರಿಂಗಿನ ಲೆಕ್ಕ ಕೇಳುತ್ತಾರೆ, ಆಮೇಲೆ ಯಾರೋ ಮನೆಗೆ ನೋಡಲು ಬರುತ್ತಾರೆ — ಮೇಜಿನ ಫೋನು, ಎತ್ತಿದೆ, ಸಿಬ್ಬಂದಿ ವಿಭಾಗದ ಆಕೆಯೇ, ತುಂಬ ಮೆಲ್ಲಗೆ, ಮೇಲ್ ಬಂತು. ಹೂಂ, ಅಂದೆ. ಬಾಗಿಲು ಚೆನ್ನಾಗಿ ಕೆಲಸ ಮಾಡ್ತಿದೆ, ಅಂದರು, ಥ್ಯಾಂಕ್ಸ್ ಅಂದುಬಿಟ್ಟೆ. ಒತ್ತಿದವನಿಗೆ ಎತ್ತುವುದು ಗೊತ್ತಾಗಲಿಲ್ಲ, ಅಷ್ಟೇ, ಕೂತಿದ್ದಾನೆ, ಎಡಗೈಯ ಬೆರಳು ಕೀಬೋರ್ಡಿನ ಒಂದೇ ಕೀಲಿಯ ಮೇಲೆ, ಪರದೆಯಲ್ಲಿ ಅಕ್ಷರ ಓಡುತ್ತಿದೆ, ಅವನು ಅದನ್ನೇ ನೋಡುತ್ತಿದ್ದಾನೆ, ಏನೋ ಹೇಳಿದೆನೆಂದು ಬಾಯಿಯ ಒಂದು ಕಡೆ ನಗುತ್ತಿದ್ದಾನೆ, ಬೆರಳು ಕೀಲಿಯ ಮೇಲೆ, ಒಳಗೆ ಅತ್ತಿಗೆ ಚಮಚ ಆಡಿಸುತ್ತಿದ್ದಾಳೆ, ಬೆರಳು, ಉಗುರು ಕತ್ತರಿಸದ ಬೆರಳು, ಕೀಲಿಯ ಮೇಲೆ, ಎತ್ತು ಅಣ್ಣ, ಬೆರಳು ಕೀಲಿಯ ಮೇಲೆ