ಕೆಂಪು ಇಳಿದ ಮುಖಗಳು

ಸ್ಟುಡಿಯೋ ತಮ್ಮನದು, ಗಿರಾಕಿಗಳು ಮಾತ್ರ ಅಕ್ಕನವರು. ಮದುವೆ ಮನೆಗಳಲ್ಲಿ ಕ್ಯಾಮೆರಾ ಹೊತ್ತು ಬೆವರು ಸುರಿಸುವವನು ಅವನು. ಆದರೆ ಬಾಗಿಲು ದೂಡಿ ಬಂದವರೆಲ್ಲ ಅವನ ತಲೆಯಾಚೆ ಇಣುಕಿ "ಅಕ್ಕ ಇಲ್ವಾ?" ಎನ್ನುತ್ತಿದ್ದರು. ಫೋಟೋಗಳ ಬಣ್ಣ ತಿದ್ದುವುದರಲ್ಲಿ ಅವಳ ಕೈ ಅಂಥದು. ಇಪ್ಪತ್ತು ವರ್ಷ ಈ ಒಂದೇ ಮಾತು ಕೇಳಿ ತಮ್ಮನ ಹೊಟ್ಟೆ ಉರಿದುಹೋಗಿತ್ತು. ಗಂಡ ಸತ್ತ ಅಕ್ಕನನ್ನು ಹೊರಗೆ ಹಾಕಿದರೆ ನಾಲ್ಕು ಜನ ಉಗಿಯುತ್ತಾರೆ. ಅವಳಾಗಿಯೇ ಹೋಗಬೇಕಿತ್ತು.

ಆಗ ಹೊಸ ಮಾನಿಟರ್ ಬಂತು. ಹಳೆಯದಕ್ಕಿಂತ ಎಷ್ಟೋ ಹೆಚ್ಚು ಬಣ್ಣ ತೋರಿಸುವ, ವೈಡ್ ಗ್ಯಾಮಟ್ ಎನ್ನುವ ಜಾತಿಯದು. ಜೋಡಿಸಲು ಬಂದ ಮೆಕ್ಯಾನಿಕ್ ಪರದೆಗೆ ಪುಟ್ಟ ಉಪಕರಣವೊಂದನ್ನು ಒತ್ತಿಟ್ಟು, ಬಣ್ಣ ಅಳೆದು, ಪರದೆ ಸರಿಯಾದ ಬಣ್ಣವನ್ನೇ ತೋರಿಸುವಂತೆ ಪ್ರೊಫೈಲ್ ಎನ್ನುವ ಸೆಟ್ಟಿಂಗ್ ಹಾಕಿಕೊಟ್ಟ.

"ಇದೊಂದನ್ನ ಮುಟ್ಟಬೇಡಿ ಸಾರ್. ಪ್ರೊಫೈಲ್ ತಪ್ಪಿದ್ರೆ ಸ್ಕ್ರೀನಲ್ಲಿ ಎಲ್ಲಾ ಕೆಂಪು ಕೆಂಪಾಗಿ ಕಾಣುತ್ತೆ. ಅದನ್ನ ನಂಬ್ಕೊಂಡು ಬಣ್ಣ ಇಳಿಸಿದ್ರೆ ಪ್ರಿಂಟಲ್ಲಿ ಮುಖ ಬಿಳಚಿಕೊಳ್ಳುತ್ತೆ."

ಅಕ್ಕ ಊಟಕ್ಕೆ ಹೋಗಿದ್ದಳು. ಅವಳು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮೆಕ್ಯಾನಿಕ್ ಹೊರಟುಹೋಗಿದ್ದ, ತಮ್ಮನ ಕೈಯಲ್ಲಿ ಪ್ರೊಫೈಲ್ ಬದಲಾಗಿತ್ತು.

"ಏನೋ ಇದು, ಎಲ್ಲರ ಕೆನ್ನೆಗೂ ಬಾರಿಸಿದ ಹಾಗಿದೆ?"

"ನಿಜವಾದ ಬಣ್ಣ ಅದೇ ಅಕ್ಕ. ಹಳೇದಕ್ಕೆ ತೋರಿಸೋ ಯೋಗ್ಯತೆ ಇರ್ಲಿಲ್ಲ ಅಷ್ಟೆ."

ಒಡಹುಟ್ಟಿದವನ ಮಾತು, ನಂಬಿದಳು. ಪರದೆಯ ಮೇಲಿದ್ದ ಮದುವೆ ಫೋಟೋಗಳ ಮುನ್ನೂರು ಮುಖಗಳಿಂದ ಒಂದೊಂದಾಗಿ ಕೆಂಪು ಇಳಿಸಿದಳು.

ಮದುಮಗಳ ತಾಯಿ ಆಲ್ಬಮ್ಮನ್ನು ಕೌಂಟರಿನ ಮೇಲೆ ಕುಕ್ಕಿದಳು. "ಮದುವೆ ಫೋಟೋನಾ ಇದು? ನನ್ನ ಮಗಳು ಹೆಣದ ಹಾಗಿದಾಳೆ!"

ಅಕ್ಕ ಆಲ್ಬಮ್ ನೋಡಿದಳು, ಪರದೆ ನೋಡಿದಳು, ಮತ್ತೆ ಆಲ್ಬಮ್ ನೋಡಿದಳು. ತಮ್ಮ ಕೈಮುಗಿದು, ಅವಳಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದ: "ತಪ್ಪು ತಿಳ್ಕೋಬೇಡಿ ಅಮ್ಮಾ. ಅಕ್ಕನ ಕಣ್ಣು ಮೊದಲಿನ ಹಾಗಿಲ್ಲ."

ಇನ್ನೆರಡು ಆಲ್ಬಮ್ ಹಾಗೆಯೇ ಕೆಟ್ಟವು. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದರು. "ಅವರಿಗೆ ಅಕ್ಷರ ಓದಿಸೋಕೆ ಬರುತ್ತೆ. ನಮ್ಮ ಕೆಲಸದ ಬಣ್ಣ ಅವರಿಗೇನು ಗೊತ್ತು?" ಎಂದ ತಮ್ಮ. ಅಂದಿನಿಂದ ಅಕ್ಕ ಟೊಮೇಟೊ ಹಣ್ಣಾಗಿದೆಯೇ ಎಂದು ಅಂಗಡಿಯವನನ್ನು ಕೇಳತೊಡಗಿದಳು. ದಾರ ಕೊಂಡರೆ ಪಕ್ಕದ ಮನೆಯವಳಿಗೆ ತೋರಿಸಿ, ಹಸಿರೋ ನೀಲಿಯೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಮೂರನೆಯ ತಿಂಗಳು ಬೀಗದ ಕೈ ಮೇಜಿನ ಮೇಲಿಟ್ಟಳು.

"ನನ್ನಿಂದ ನಿನ್ನ ಹೆಸರು ಕೆಡೋದು ಬೇಡ ಕಣೋ."

ಅವಳು ಬೀದಿ ದಾಟುವ ಮೊದಲೇ ಅವನು ಪ್ರೊಫೈಲ್ ಸರಿಮಾಡಿದ. ಪರದೆಯೇನೋ ಸತ್ಯ ಹೇಳತೊಡಗಿತು. ತಿದ್ದುವ ಕೈ ಅವನಿಗಿರಲಿಲ್ಲ. ವರ್ಷ ತುಂಬುವುದರೊಳಗೆ ಸ್ಟುಡಿಯೋದಲ್ಲಿ ನೊಣ ಹೊಡೆಯುವಂತಾಯಿತು.

ಬೇರೆ ದಾರಿಯಿಲ್ಲದೆ ಅಕ್ಕನನ್ನು ಹುಡುಕಿಕೊಂಡು ಹೋದ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆಯ ಬಿಳಿ ವಸ್ತ್ರ ಮಡಿಸುತ್ತಿದ್ದಳು.

"ವಾಪಸ್ ಬಾ ಅಕ್ಕ."

"ಈ ಕಣ್ಣು ಇಟ್ಕೊಂಡಾ? ಇಲ್ಲಿ ಎಲ್ಲಾ ಬಿಳೀದೇ, ತಪ್ಪಾಗಲ್ಲ," ಎಂದು ನಕ್ಕಳು.

ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂತು. ಅವನು ಹೇಳಿದ್ದು ಬೇರೆ.

"ಹೌದಲ್ಲ. ಮರೆತೇಬಿಟ್ಟಿದ್ದೆ."

"ನೀನೂ ಒಂದ್ಸಲ ಕಣ್ಣು ತೋರಿಸ್ಕೋ ಮಾರಾಯ. ನಮ್ಮ ವಂಶದಲ್ಲೇ ಇರಬಹುದು," ಎಂದಳು ಅಕ್ಕ, ಅವನ ಭುಜದ ಧೂಳು ಕೊಡವುತ್ತ.

ಆ ವಾರವೇ ತಮ್ಮ ಸ್ಟುಡಿಯೋ ಮುಚ್ಚಿದ. ಯಾಕೆಂದು ಕೇಳಿದವರಿಗೆಲ್ಲ, "ಅಕ್ಕನ ಕಣ್ಣಿಂದ ಮುಳುಗಿಹೋಯ್ತು," ಎನ್ನುತ್ತಿದ್ದ.