ಇಂಗೋ, ಗ್ಯಾಸೋ

"ಇಂಗಿಗೂ ಗ್ಯಾಸಿಗೂ ವ್ಯತ್ಯಾಸ ಗೊತ್ತಾಗದ ಇದು ಉಡುಪಿಯವನ ಮೂಗಾ? ಕೊಯ್ದು ನಾಯಿಗೆ ಹಾಕಿ ಮಾರಾಯ್ರೆ!"

ವಿಷ್ಣುಮೂರ್ತಿ ಭಾವ ಇದನ್ನು ಹೇಳಿದ್ದು ಕಂಪನಿ ಕ್ಯಾಂಟೀನುಗಳಿಗೆ ಊಟ ಕಳಿಸುವ ಅವರ ರಬಾಳೆಯ ಅಡುಗೆಮನೆಯ ಅಂಗಳದಲ್ಲಿ, ತರಕಾರಿ ಹೆಚ್ಚುವ ಹೆಂಗಸರು, ಬಾಣಲೆ ಉಜ್ಜುವವರು, ಮೂಟೆ ಇಳಿಸುವ ಬಾಲಪ್ಪ ಎಲ್ಲರ ಎದುರಿಗೆ. ಎಲ್ಲರೂ ನಕ್ಕರು. ಚಂದ್ರಬಾಯಿಯಂತೂ ಕೈಯಲ್ಲಿದ್ದ ಕುಂಬಳಕಾಯಿ ಕೆಳಗಿಟ್ಟು ನಕ್ಕಳು. ಬಾಲಪ್ಪ, "ಇಂಗ ತಿಂದ ಮಂಗ್ಯಾ ಆಗ್ಯಾನ ನೋಡ್ರಿ ನಮ್ಮ ಡ್ರೈವರ್ ಸಾಹೇಬ್ರು" ಅಂದ. ಅಂದಿನಿಂದ ನನ್ನ ಹೆಸರು ಅನೀಶ ಅಲ್ಲ, ಮಂಗ.

ನಾನು ಮಾಡಿದ ತಪ್ಪೆಂದರೆ ಮಹಾಪೆಯ ಬಳಿ ಗಾಡಿ ಬದಿಗೆ ಹಾಕಿದ್ದು. ವಾಶಿ ಮಾರ್ಕೆಟ್ಟಿನಿಂದ ಸಾಮಾನು ತರುತ್ತಿದ್ದೆ. ಕ್ಯಾಬಿನ್ನಿನಲ್ಲಿ ವಾಸನೆ ಹತ್ತಿತು, ಕೊಳೆತ ಮೊಟ್ಟೆಯಂಥ ವಾಸನೆ. ನಮ್ಮದು ಡೀಸೆಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಗಾಡಿ. ಡೀಸೆಲ್‌ನಲ್ಲಿ ಸ್ಟಾರ್ಟ್ ಆಗುತ್ತದೆ, ಇಂಜಿನ್ ಬಿಸಿಯಾದ ಮೇಲೆ ಸ್ವಿಚ್ ಒತ್ತಿದರೆ ಗ್ಯಾಸೂ ಜೊತೆಗೆ ಸೇರಿಕೊಳ್ಳುತ್ತದೆ. ಸಿಲಿಂಡರುಗಳು ಕ್ಯಾಬಿನ್ನಿನ ಬೆನ್ನಿಗೇ ಇವೆ. ಕಿಟ್ ಕೂರಿಸಿದ ತಳೋಜದ ಮಿಸ್ತ್ರಿ ನನ್ನ ಕಾಲರ್ ಹಿಡಿದು ಕಲಿಸಿದ್ದ: ವಾಸನೆ ಬಂದರೆ ಯೋಚನೆ ಮಾಡಬೇಡ, ಇಂಜಿನ್ ಆಫ್ ಮಾಡು, ಜನ ಇಳಿಸು, ಸಿಲಿಂಡರಿನ ಕಾಕು ತಿರುಗಿಸಿ ಗ್ಯಾಸ್ ನಿಲ್ಲಿಸು, ಬೆಂಕಿ ಹತ್ತಿರ ಬಿಡಬೇಡ, ಆಮೇಲೆ ಜಾಯಿಂಟಿಗೆ ಸೋಪಿನ ನೀರು ಹಾಕಿ ಗುಳ್ಳೆ ನೋಡು. ಎಲ್ಲ ಮಾಡಿದೆ. ಗುಳ್ಳೆ ಬರಲಿಲ್ಲ. ಕೊನೆಗೆ ನೋಡಿದರೆ ಸೀಟಿನ ಹಿಂದೆ ಇಂಗಿನ ಡಬ್ಬಿಯ ಮುಚ್ಚಳ ಸಡಿಲಾಗಿತ್ತು. ಕಂಪನಿ ಕ್ಯಾಂಟೀನಿನವರಿಗೆ ಸಾಂಬಾರು ತಡವಾಯಿತು. ಅಷ್ಟೇ.

ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆಯೊಂದು ಸೀಟಿನ ಮೇಲ್ಗಡೆ ಇದೆ. ಅದು ಕೂಗುವಂತಿದ್ದರೆ ಇಂಗೋ ಗ್ಯಾಸೋ ಅಂತ ನನ್ನ ಮೂಗು ಹೇಳಬೇಕಾಗಿರಲಿಲ್ಲ. ದಾರಿಯಲ್ಲಿ ನಿದ್ದೆ ಕೆಡಿಸುತ್ತದೆ ಅಂತ ಅದರ ವೈರನ್ನು ಕಿತ್ತು ಹಾಕಿದವರು ಯಾರು? ಇದೇ ಭಾವ. ಅಂಗಳದಲ್ಲಿ ನಾನು ಅದನ್ನು ಹೇಳಬೇಕಿತ್ತು. ಆದರೆ ಬಾಯಿ ತೆರೆದರೆ ರಾತ್ರಿ ಅದರ ಲೆಕ್ಕ ಅಕ್ಕ ಚುಕ್ತಾ ಮಾಡಬೇಕು.

ಅಕ್ಕ ಅಂದರೆ ಪ್ರಿಯಂವದಾ, ಅವರ ಹೆಂಡತಿ. ಅಪ್ಪ ತೀರಿಕೊಂಡ ಮೇಲೆ ನಾನು ಡೊಂಬಿವಲಿಯ ಅವರ ಮನೆಯ ಹಾಲ್‌ನಲ್ಲಿ ಮಲಗುತ್ತಿದ್ದೇನೆ. ಒಂಬತ್ತನೆಯ ಕ್ಲಾಸಿನಲ್ಲಿ ಮಾಸ್ತರರು ಹೊಡೆಯಲು ಬೀಸಿದ ಮರದ ಪಟ್ಟಿಯನ್ನು ಕಿತ್ತುಕೊಂಡು ಮೊಣಕಾಲಿಗೆ ಬಡಿದು ಮುರಿದೆ, ಮತ್ತೆ ಆ ಕಡೆ ಹೋಗಲಿಲ್ಲ. ಲೈಸೆನ್ಸ್ ಮಾಡಿಸಿದ್ದು ಭಾವ. ಗಾಡಿ ಅವರದು, ಅನ್ನ ಅವರದು, ಮಲಗುವ ಚಾಪೆಯೂ ಅವರದು. ನಾನು ಒಂದು ಮಾತು ಎದುರಾಡಿದರೆ ಅವರು ನನ್ನನ್ನು ಬೈಯುವುದಿಲ್ಲ. ಒಳಗೆ ಹೋಗಿ, "ನಿನ್ನ ತಮ್ಮನಿಗೆ ಉಪ್ಪಿನ ಋಣ ಉಂಟಾ ಕೇಳು" ಅನ್ನುತ್ತಾರೆ. ಆಮೇಲೆ ಪಾತ್ರೆಗಳ ಸದ್ದು ಮಾತ್ರ.

ಆ ರಾತ್ರಿ ಅಕ್ಕನ ಮಗಳು ಚಿನ್ನು ಊಟಕ್ಕೆ ಕೂತವಳೇ, "ಮಾಮಾ, ಪಪ್ಪಾ ಬೋಲೇ ಆಪ್ ಬಂದರ್ ಹೋ!" ಅಂದಳು. ಮನೆಯಲ್ಲೂ ಮಂಗನೇ ಆದೆ. ಅಕ್ಕ ನಕ್ಕಳು. ನಗದೆ ಏನು ಮಾಡುತ್ತಾಳೆ?

ಒಂದು ಭಾನುವಾರ ರಬಾಳೆಯಲ್ಲಿ ಹೊಸ ಗ್ರೈಂಡರಿಗೆ ಪೂಜೆ ಇತ್ತು. ಚಿನ್ನುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅಕ್ಕ, ಭಾವ ಇಬ್ಬರೂ ಗಾಡಿಯಲ್ಲೇ ಹೊರಟರು. ಡೊಂಬಿವಲಿಯಲ್ಲಿರುವ ತಮ್ಮ ಹೋಟೆಲಿನಲ್ಲಿ ಉಳಿದಿದ್ದ ಇಂಗಿನ ಡಬ್ಬಿಯನ್ನು ಭಾವ ಬೇಕೆಂದೇ ಕ್ಯಾಬಿನ್ನಿನೊಳಗೆ ತಂದು ಅಕ್ಕನ ಕಾಲ ಬಳಿ ಇಟ್ಟರು. "ಇಲ್ಲೇ ಇರಲಿ. ಮಂಗನ ಮೂಗಿಗೆ ಸ್ವಲ್ಪ ಪ್ರಾಕ್ಟೀಸ್ ಆಗ್ಲಿ."

ಜೋರು ಮಳೆ. ಗಾಜು ಏರಿಸಿದ್ದೆವು. ಶಿಳ್‌ಫಾಟಾ ಕೂಡುರಸ್ತೆ ಇನ್ನೂ ದೂರವಿರುವಾಗಲೇ ಗಾಡಿಗಳು ನಿಂತಿದ್ದವು. ಎಡಕ್ಕೆ ಕಂಟೇನರು, ಬಲಕ್ಕೆ ಟ್ಯಾಂಕರು, ಹಿಂದೆ ಬಸ್ಸು. ಬಾಗಿಲು ಪೂರ್ತಿ ತೆರೆಯುವಷ್ಟೂ ಜಾಗವಿಲ್ಲ. ಒದ್ದೆ ಬಟ್ಟೆ, ಮಲ್ಲಿಗೆ, ಇಂಗು, ಮೂರು ಜನರ ಉಸಿರು. ಅದರ ನಡುವೆ ಇನ್ನೊಂದು ವಾಸನೆ.

ಇಂಗು, ಅಂದುಕೊಂಡೆ. ಡಬ್ಬಿ ಇಲ್ಲೇ ಇದೆಯಲ್ಲ. ಬಗ್ಗಿ ನೋಡಿದೆ. ಮುಚ್ಚಳದ ಸುತ್ತ ಟೇಪು ಗಟ್ಟಿಯಾಗಿತ್ತು.

"ಎಂತ ಹುಡುಕ್ತಿ?" ಭಾವ ಕೇಳಿದರು.

"ಏನಿಲ್ಲ."

ಏನಿಲ್ಲ ಅಂದೆ, ನಾಚಿಕೆಗೆಟ್ಟವನು. ವಾಸನೆ ಏರುತ್ತಿತ್ತು. ತಳದ ತೂತಿನಿಂದ, ಸೀಟಿನ ಹಿಂದಿನಿಂದ. ಇಂಗೇ ಆಗಿದ್ದರೆ? ಇಷ್ಟು ಗಾಡಿಗಳ ನಡುವೆ ಮತ್ತೆ ಎಲ್ಲರನ್ನೂ ಮಳೆಗೆ ಇಳಿಸಿ, ಗುಳ್ಳೆ ಬರದೆ, ಮತ್ತೆ ಆ ಅಂಗಳ, ಆ ನಗು. ಗಾಡಿ ಒಂದು ಮಾರು ಮುಂದೆ ಹೋಯಿತು. ನಿಂತಿತು. ಇನ್ನೊಂದು ಮಾರು. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಅಕ್ಕ ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು.

ಅಕ್ಕನೇ ಅಂದಳು, "ಎಂತ ನಾತ ಇದು, ತಲೆ ತಿರುಗ್ತದೆ."

"ನಿನ್ನ ತಮ್ಮನ ಇಂಗು" ಅಂದರು ಭಾವ. "ತಡಿ, ಹೊರಡುವ ಗಡಿಬಿಡಿಯಲ್ಲಿ ದೇವರಿಗೂ ಹಚ್ಚಿರ್ಲಿಲ್ಲ." ಡ್ಯಾಶ್‌ಬೋರ್ಡಿನ ಕೃಷ್ಣನ ಮುಂದೆ ಎರಡು ಊದುಬತ್ತಿ ಸಿಕ್ಕಿಸಿದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. "ಇದನ್ನು ಹಚ್ಚಿದ್ರೆ ಎಲ್ಲ ವಾಸನೆ ಹೋಗ್ತದೆ."

ಕಡ್ಡಿ ಹೊರಗೆ ಬಂದಿತ್ತು. ನಾನು ಅವರ ಕೈಗೆ ಹೊಡೆದೆ. ಪೊಟ್ಟಣ ಕೆಳಗೆ ಬಿತ್ತು, ಕೃಷ್ಣನೂ ಬಿದ್ದ. ಇಂಜಿನ್ ಆಫ್ ಮಾಡಿ ಕೀಲಿ ಕಿತ್ತುಕೊಂಡೆ. "ಇಳೀರಿ! ಅಕ್ಕ, ಇಳಿ! ಗ್ಯಾಸು!"

"ದೇವರಿಗೆ ಹೊಡೀತೀಯಾ, ಬೇವರ್ಸಿ!"

ಅಕ್ಕನ ಕೈ ಹಿಡಿದು ಎಳೆದೆ. ಕಿಷ್ಕಿಂಧೆಯಂಥ ಸಂದಿಯಲ್ಲಿ ಅಡ್ಡಡ್ಡ ಜಾರಿ ಇಳಿದೆವು. ಬೈಯುತ್ತಲೇ ಭಾವನೂ ಆ ಕಡೆಯಿಂದ ಇಳಿದರು. ನಾನು ಸಿಲಿಂಡರುಗಳ ಬಳಿ ಕೂತೆ. ಬಾಟಲಿಯ ಸೋಪಿನ ನೀರು ಸುರಿದೆ. ಮಳೆ ಅದನ್ನು ಅಲ್ಲೇ ತೊಳೆದುಕೊಂಡು ಹೋಯಿತು. ಪೈಪಿಗೆ ಕಿವಿ ಇಟ್ಟೆ.

ಸ್ಸ್... ಅಂತ ಸಣ್ಣಗೆ.

ಅಕ್ಕ ನನ್ನ ಭುಜದ ಮೇಲೆ ಬಗ್ಗಿದ್ದಳು. ಅವಳಿಗೂ ಕೇಳಿಸಿತು. ನನ್ನ ಮುಖ ನೋಡಿದಳು, ಬಣ್ಣವೇ ಇರಲಿಲ್ಲ ಅವಳ ಮುಖದಲ್ಲಿ. ಕಾಕು ತಿರುಗಿಸಿದೆ. ಸದ್ದು ತೆಳ್ಳಗಾಗಿ ನಿಂತಿತು.

ಅಷ್ಟರಲ್ಲಿ ಹಿಂದಿನ ಬಸ್ಸಿನ ಡ್ರೈವರು, ಕಂಟೇನರಿನವನು, ಛತ್ರಿ ಹಿಡಿದ ಇಬ್ಬರು ಬಂದು ನಿಂತಿದ್ದರು. "ಕಾಯ್ ಝಾಲಂ?" ಏನಾಯ್ತು ಅಂತ ಒಬ್ಬ ಕೇಳಿದ.

"ಕುಛ್ ನಹೀ ಭಾಯಿ, ಡ್ರೈವರ್ ಪಾಗಲ್ ಹೈ. ಹಿಂಗ್ ಕಾ ಬಾಸ್ ಆಯಾ ತೋ ಗಾಡಿ ಛೋಡ್ ದೇತಾ ಹೈ" ಅಂದರು ಭಾವ, ಇಂಗಿನ ವಾಸನೆಗೇ ಗಾಡಿ ಬಿಟ್ಟಿಳಿಯುವ ಹುಚ್ಚ ನಾನು ಅನ್ನುವ ಹಾಗೆ.

"ಸೋರ್ತಿತ್ತು" ಅಂದೆ. "ಕೇಳಿಸ್ತು."

"ಅದು ಬ್ರೇಕಿನ ಗಾಳಿ!"

"ಅಕ್ಕನಿಗೂ ಕೇಳಿಸ್ತು. ಅವಳನ್ನೇ ಕೇಳಿ."

ಭಾವ ಅಕ್ಕನ ಕಡೆ ತಿರುಗಿದರು. ಬೈಯಲಿಲ್ಲ, ಮೆಲ್ಲಗೆ ಕೇಳಿದರು. "ಹೇಳು ಪ್ರಿಯಾ. ನಿನಗೆ ಎಂತ ಕೇಳಿಸ್ತು?"

ಅಕ್ಕನ ಮಲ್ಲಿಗೆ ಮಳೆಗೆ ಜೋತುಬಿದ್ದಿತ್ತು. ಅವಳು ನನ್ನನ್ನು ನೋಡಲಿಲ್ಲ.

"ನನಗೆಂತ ಕೇಳಿಸಲಿಲ್ಲ. ಇಂಗೇ ಇರಬೇಕು."

ಬಸ್ಸಿನವನು ಹಣೆ ಬಡಿದುಕೊಂಡು ಹೋದ. ಯಾರೋ ನಕ್ಕರು. ಹಿಂದೆ ಹಾರ್ನುಗಳು ಒಟ್ಟಿಗೆ ಶುರುವಾದವು.

"ಆಯ್ತಲ್ಲ?" ಅಂದರು ಭಾವ. "ಆ ಕಾಕು ತಿರುಗಿಸು, ಗಾಡಿ ತೆಗಿ. ಗ್ಯಾಸಲ್ಲೇ ಹೋಗ್ಬೇಕು. ನಿನ್ನ ಹುಚ್ಚಿಗೆಲ್ಲ ಡೀಸೆಲ್ ಸುಡ್ಲಿಕ್ಕೆ ನನಗೆ ಆಗುದಿಲ್ಲ." ಅಂದವರೇ ದಾರಿ ಬಿಡಿಸಲು ಟ್ಯಾಂಕರಿನವನ ಕಡೆ ಕೈ ಬೀಸುತ್ತಾ ಹೋದರು.

ಕೀಲಿ ನನ್ನ ಮುಷ್ಟಿಯೊಳಗಿತ್ತು. ಒಬ್ಬನೇ ಇದ್ದಿದ್ದರೆ ಅದನ್ನು ಅವರ ಮುಖಕ್ಕೆ ಎಸೆಯುತ್ತಿದ್ದೆ. ಎಸೆದರೆ ಅವರು ಬೇರೆ ಯಾವನಿಗೋ ಕೊಡುತ್ತಾರೆ, ಅವನು ಕಾಕು ತೆರೆಯುತ್ತಾನೆ, ಊದುಬತ್ತಿ ಮತ್ತೆ ಹತ್ತುತ್ತದೆ, ನಡುವಿನ ಸೀಟಿನಲ್ಲಿ ಅಕ್ಕ ಕೂತಿರುತ್ತಾಳೆ. ಎಸೆಯಲಿಲ್ಲ. ಜೇಬಿಗೆ ಹಾಕಿಕೊಂಡೆ. ಈ ಜಾಮ್ ದಾಟಿ ರಿಕ್ಷಾ ಸಿಕ್ಕರೆ ತಳೋಜ. ಮಿಸ್ತ್ರಿ ಬಂದು ಜಾಯಿಂಟು ಬಿಚ್ಚುವವರೆಗೆ ಈ ಗಾಡಿ ಇಲ್ಲಿಂದ ಅಲ್ಲಾಡುವುದಿಲ್ಲ.

ಅಕ್ಕ ಹತ್ತಿರ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಭಾವನಿಗೆ ಕೇಳದ ಹಾಗೆ ಅಂದಳು:

"ನನಗೂ ಕೇಳಿಸ್ತು ಅನಿ. ಆದ್ರೆ ಇವತ್ತು ರಾತ್ರಿ ನಾನೂ ನೀನೂ ಆ ಮನೆಗೇ ಹೋಗ್ಬೇಕಲ್ಲ. ಇಂಗು ಅಂತ ಒಂದ್ಸಲ ಹೇಳಿಬಿಡು. ಮುಗೀತದೆ. ಹೇಳ್ತೀಯಾ?"

ಕಂಟೇನರಿಗೂ ನಮ್ಮ ಗಾಡಿಗೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿದರೆ ಮಾತ್ರ ಹೋಗುವಷ್ಟು ಸಂದಿ ಇತ್ತು. ನಾನು ಅಡ್ಡ ತಿರುಗಿದೆ. ಹಿಂದಿನಿಂದ ಭಾವ "ಕೀಲಿ! ಏ ಮಂಗ, ಕೀಲಿ!" ಎಂದು ಕೂಗಿದರು. ಕಬ್ಬಿಣಕ್ಕೆ ಎದೆ ಉಜ್ಜಿಕೊಂಡು ಮಳೆಯಲ್ಲಿ ನಡೆದೆ.