ಮೆತ್ತನೆಯ ಪಟ್ಟಿ

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದ ಆ ಹೆಂಗಸಿನ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತರೆ ಮಲಗಿದವರಿಗೆ ಎಚ್ಚರವಾಗುತ್ತಿತ್ತು. ಅಂದು ಬೆಳಿಗ್ಗೆ ಅವಳು ಹೊಲಿಯುತ್ತಿದ್ದದ್ದು ರವಿಕೆಯನ್ನಲ್ಲ, ಅಂಗಿಯನ್ನಲ್ಲ. ಒಳಗೆ ಹತ್ತಿ ತುಂಬಿ, ಮೇಲೆ ನುಣುಪಾದ ಬಟ್ಟೆ ಹಾಕಿ, ತುದಿಗೆ ಗಟ್ಟಿ ಬಕಲ್ ಕೂರಿಸಿದ ಅಗಲ ಪಟ್ಟಿಗಳನ್ನು.

"ಏನೇ ಇದು, ಕುದುರೆಗೆ ಜೀನು ಹೊಲೀತಿದ್ದೀಯಾ?" ಎಂದು ಗಂಡ ಕೆಣಕಿದ.

"ಕುದುರೆಗಲ್ಲ, ನಮ್ಮಪ್ಪ ಇರೋ ಆಶ್ರಮಕ್ಕೆ. ಅಪ್ಪನಿಗೆ ಹೊಲಿದುಕೊಟ್ಟಿದ್ದು ನೋಡಿ ಎಲ್ಲರಿಗೂ ಬೇಕಂತೆ," ಎಂದಳು ಅವಳು, ಹೆಮ್ಮೆಯಿಂದಲೇ.

ಆ ವೃದ್ಧಾಶ್ರಮದಲ್ಲಿ ಮುದುಕರನ್ನು ಹಗಲೆಲ್ಲ ಕುರ್ಚಿಗೆ ಕಟ್ಟಿ ಕೂರಿಸುವುದು ರೂಢಿ. ಬೀಳಬಾರದು ನೋಡಿ! ಅವಳ ಅಪ್ಪನೂ ಒಮ್ಮೆ ಬಚ್ಚಲಲ್ಲಿ ಜಾರಿದ್ದ. ಮರುದಿನದಿಂದ ಅವನ ಸೊಂಟಕ್ಕೂ ಹಳೆಯ ದುಪ್ಪಟಿಯ ಗಂಟು ಬಿತ್ತು. ಅಪ್ಪನ ಮೈಮೇಲೆ ಕೆಂಪು ಬರೆ ಕಂಡು ಮಗಳ ಕರುಳು ಚುರುಕ್ ಎಂದಿತು. ಬಿಚ್ಚಿಸಬೇಕೆಂದು ಹೊಳೆಯಲಿಲ್ಲ, ಮೆತ್ತಗೆ ಮಾಡಬೇಕೆಂದು ಹೊಳೆಯಿತು. ಓದುಗರೇ, ಕೆಟ್ಟ ರೂಢಿಗಳಿಗೆಲ್ಲ ಕೋರೆಹಲ್ಲು ಇರುತ್ತದೆಂದು ತಿಳಿಯಬೇಡಿ. ಎಷ್ಟೋ ರೂಢಿಗಳು ಹೀಗೆ ಹತ್ತಿ ತುಂಬಿಕೊಂಡು, ಪ್ರೀತಿಯ ಹೆಸರಿನಲ್ಲೇ ಒಳಗೆ ಬರುತ್ತವೆ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಓಡುವ ಬಸ್ಸಿನಲ್ಲಿ ನಿಂತೇ ಆಯುಷ್ಯ ಕಳೆದು ಮಕ್ಕಳಿಬ್ಬರನ್ನು ದಡ ಸೇರಿಸಿದವನು. ಮೊದಮೊದಲು ಪಟ್ಟಿಯನ್ನು ತಟ್ಟಿ, "ನನ್ನ ಸ್ಟಾಪ್ ಬಂತು, ಇಳಿಸ್ರಯ್ಯ," ಎಂದು ನಗಿಸುತ್ತಿದ್ದ. ಆಮೇಲೆ ಬೈಯತೊಡಗಿದ. ಆಮೇಲೆ ಅದೂ ನಿಂತಿತು. ಕಾಲುಗಳು ಒಣಗಿದ ಕಡ್ಡಿಯಾದವು. ಪಕ್ಕದ ಕುರ್ಚಿಯ ಟೀಚರಜ್ಜಿಗೆ ಕೂತಲ್ಲೇ ಹುಣ್ಣಾಗಿ, ಆಸ್ಪತ್ರೆಗೆ ಹೋದವರು ಮರಳಿ ಬರಲೇ ಇಲ್ಲ. "ವಯಸ್ಸಾಗಿತ್ತು ಪಾಪ," ಎಂದರು ಎಲ್ಲರೂ. ಟೈಲರಮ್ಮನೂ ಹಾಗೇ ಅಂದಳು, ಆದರೆ ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಸರ್ಕಾರದ ಕಡೆಯಿಂದ ಆರೈಕೆಯ ಗುಣಮಟ್ಟ ನೋಡಲು ಅಧಿಕಾರಿ ಬರುವ ದಿನ ಬಂತು. ಆಶ್ರಮದ ಮೇಲ್ವಿಚಾರಕಿ ಮನೆಮಂದಿಯನ್ನೆಲ್ಲ ಕರೆಸಿ, ಕೇಳಿದ್ದಕ್ಕೆಲ್ಲ ಚೆನ್ನಾಗಿದೆ ಎನ್ನಿ ಎಂದು ಪಾಠ ಹೇಳಿಕೊಟ್ಟಳು. ಪಟ್ಟಿಗಳೆಲ್ಲ ಮೈಲಿಗೆ ಬಟ್ಟೆಯ ಬುಟ್ಟಿ ಸೇರಿದವು. ಮುದುಕರೆಲ್ಲ ಇಸ್ತ್ರಿ ಬಟ್ಟೆ ತೊಟ್ಟು ಕುರ್ಚಿಗಳಲ್ಲಿ ಸಾಲಾಗಿ ಕುಳಿತರು.

ಬಂದವಳು ನರೆಗೂದಲಿನ ಗಿಡ್ಡ ಹೆಂಗಸು. ಹೊಳೆಯುವ ನೆಲವನ್ನು, ಶುಭ್ರ ಹಾಸಿಗೆಗಳನ್ನು ಒಮ್ಮೆ ನೋಡಿ, ನೇರವಾಗಿ ಬಂದು ಅಪ್ಪನ ಪಕ್ಕದಲ್ಲಿ ಕೂತಳು.

"ಏನು ಕೆಲಸ ಮಾಡ್ತಿದ್ರಿ ಅಜ್ಜ?"

"ಕಂಡಕ್ಟರ್."

"ಹಾಗಾದ್ರೆ ಬನ್ನಿ, ಕಿಟಕಿಯಿಂದ ಬಸ್ ಸ್ಟಾಪ್ ಕಾಣುತ್ತೆ, ನೋಡೋಣ."

ಅಪ್ಪನ ಕಣ್ಣು ಅರಳಿತು. ಎರಡೂ ಕೈಗಳಿಂದ ಪಟ್ಟಿಯಿಲ್ಲದ ತನ್ನ ಸೊಂಟವನ್ನು ತಡವಿಕೊಂಡ. "ಮೊದಲು ಕಟ್ಟು ಬಿಚ್ಚಮ್ಮ," ಎಂದ.

"ಯಾವ ಕಟ್ಟು?"

"ಅರಳುಮರಳು ಮೇಡಂ," ಎಂದು ಮೇಲ್ವಿಚಾರಕಿ ನಕ್ಕಳು.

"ಹೌದು, ವಯಸ್ಸಾಯ್ತಲ್ಲ," ಎಂದು ಟೈಲರಮ್ಮನ ಅಣ್ಣ ದನಿಗೂಡಿಸಿ, ತಂಗಿಯ ಮೊಣಕೈ ಒತ್ತಿದ.

ಕಟ್ಟಿದ್ದನ್ನಾದರೂ ಅವಳು ಸಹಿಸಿಕೊಂಡಿದ್ದಳು. ನಿಜ ಹೇಳಿದ ಅಪ್ಪನನ್ನು ಹುಚ್ಚನೆನ್ನುವುದನ್ನು ಸಹಿಸಲಾಗಲಿಲ್ಲ. ಅಣ್ಣನ ಕೈ ಕೊಡವಿ ಹೋಗಿ ಬುಟ್ಟಿಯನ್ನು ಎಲ್ಲರ ನಡುವೆಯೇ ಬೋರಲು ಹಾಕಿದಳು.

"ನಮ್ಮಪ್ಪನಿಗೆ ಅರಳುಮರಳಲ್ಲ. ಆ ಕಟ್ಟು ಇದೇ. ಅವನದನ್ನ ಹೊಲಿದವಳು ನಾನೇ."

"ತಲೆ ಕೆಟ್ಟಿದೆಯೇನೇ?" ಅಣ್ಣ ಕೂಗಾಡಿದ. "ಅಪ್ಪನ್ನ ಇಲ್ಲಿಂದ ಆಚೆ ಹಾಕಿದ್ರೆ ಎಲ್ಲಿ ಇಡ್ತೀಯ? ಬಿದ್ದು ಮೂಳೆ ಮುರಿದ್ರೆ ಯಾರು ನೋಡ್ತಾರೆ? ಅಪ್ಪನ ಮೇಲೆ ಪ್ರೀತಿ ಇರೋದಕ್ಕೇ ಕಟ್ಟಿಸಿದ್ದು ಕಣೇ!"

"ಪ್ರೀತಿ ಇಲ್ಲ ಅಂತ ನಾನೂ ಅನ್ನಲ್ಲ," ಎಂದಳು ಅಧಿಕಾರಿ ಮೆಲ್ಲಗೆ. "ಆದ್ರೆ ಕೂರಿಸಿಟ್ಟ ಕಾಲು ಸೊರಗುತ್ತೆ. ಸೊರಗಿದ ಕಾಲೇ ಬೀಳೋದು. ಗೋಡೆಗೆ ಹಿಡಿಕೆ ಹಾಕಿಸಿ, ಕೈಹಿಡಿದು ನಡೆಸಿ. ನಾನು ಬಂದಾಗಿನಿಂದ ಇಲ್ಲಿ ಒಬ್ಬರೂ ಎದ್ದು ನಿಂತಿಲ್ಲ, ಗಮನಿಸಿದ್ರಾ?"

"ನಡೆಸೋಕೆ ಜನ ಎಲ್ಲಿದ್ದಾರೆ ಮೇಡಂ? ಮೊದಲಿನಿಂದ ಹೀಗೇ ಬಂದಿದೆ," ಎಂದು ಮೇಲ್ವಿಚಾರಕಿ ಗೊಣಗಿದಳು.

"ಜನ ಇಡದೆ ಹಗ್ಗ ಇಟ್ಟಿದ್ದೀರಿ. ನಾನು ಬರೆಯೋದೂ ಅದನ್ನೇ."

ಟೈಲರಮ್ಮ ಚೀಲದಿಂದ ಕತ್ತರಿ ತೆಗೆದಳು. ತನ್ನ ಹೊಲಿಗೆಯನ್ನು ತಾನೇ ಕತ್ತರಿಸಲು ಯಾವ ಟೈಲರಿಗೂ ಮನಸ್ಸು ಬರುವುದಿಲ್ಲ. ಅದರಲ್ಲೂ ಅವಳದು ಗಟ್ಟಿ ಹೊಲಿಗೆ, ಕತ್ತರಿಯೇ ತಿಣುಕಿತು. ಆದರೂ ಅವಳು ಬಿಡಲಿಲ್ಲ. ಹತ್ತಿ ನೆಲದ ತುಂಬ ಹರಡಿತು.

"ಇನ್ಮೇಲೆ ಒಂದೂ ಹೊಲಿಯಲ್ಲ. ಹೊಲಿದು ಮನೇಲಿಟ್ಟಿರೋದನ್ನೂ ಕೊಡಲ್ಲ. ಕರ್ಕೊಂಡು ಹೋಗು ಅಂದ್ರೆ ಅಪ್ಪನ್ನ ಈಗಲೇ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದು ತುಂಡಾದ ಪಟ್ಟಿಯನ್ನು ಅಪ್ಪನ ಕೈಗಿಟ್ಟಳು. "ಬಿಚ್ಚಿದ್ದೀನಪ್ಪ. ಏಳ್ತೀಯಾ?"

ಅಪ್ಪ ಪಟ್ಟಿಯನ್ನು ತಿರುವಿ ತಿರುವಿ ನೋಡಿ ಕೆಳಗೆ ಹಾಕಿದ. ಬಸ್ಸಿನ ಕಂಬಿ ಹಿಡಿದಂತೆ ಮಗಳ ಭುಜ ಹಿಡಿದ. ಮೊಣಕಾಲುಗಳು ನಡುಗಿದವು. "ಬೀಳ್ತಾನೆ, ಬೀಳ್ತಾನೆ!" ಎನ್ನುತ್ತ ಅಣ್ಣನೇ ಓಡಿಬಂದು ಇನ್ನೊಂದು ತೋಳಿಗೆ ಆಸರೆಯಾದ.

"ಸುಮ್ನಿರೋ," ಎಂದ ಅಪ್ಪ. "ಓಡೋ ಬಸ್ಸಲ್ಲಿ ನಿಂತವನು ನಾನು. ಅಲುಗಾಡದ ನೆಲದ ಮೇಲೆ ಬೀಳ್ತೀನಾ?"

ಮಕ್ಕಳಿಬ್ಬರ ನಡುವೆ, ಏದುಸಿರು ಬಿಡುತ್ತ, ನಿಂತು ನಿಂತು, ಅವನು ಕಿಟಕಿಯವರೆಗೆ ನಡೆದ. ಅಪ್ಪನ ಬೆನ್ನು ನೆಟ್ಟಗಾಗುತ್ತಿರುವುದು ಟೈಲರಮ್ಮನ ಭುಜಕ್ಕೇ ತಿಳಿಯಿತು. ಯಾವ ಹೊಲಿಗೆಗೂ ಬರದಷ್ಟು ಹೆಮ್ಮೆಯಿಂದ ಅವಳ ಕಣ್ಣು ತುಂಬಿ ಬಂತು.

ಕೆಳಗೆ ನಿಲ್ದಾಣದಲ್ಲಿ ಬಸ್ಸೊಂದು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಕೊನೆಯವನು ಮೆಟ್ಟಿಲೇರುವವರೆಗೂ ಅಪ್ಪ ಕಾದ. ಆಮೇಲೆ ಅಂಗೈಯಿಂದ ಗಾಜನ್ನು ಬಡಿದು, ಕೋಣೆಯೆಲ್ಲ ಬೆಚ್ಚುವಂತೆ ಕೂಗಿದ:

"ರೈಟ್!"

ಬಸ್ಸು ಹೊರಟಿತು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿಯ ಕೈ ಒತ್ತಿ ಹಿಡಿದು ಏಳುತ್ತಿರುವ ಸದ್ದು ಕೇಳಿಸಿತು.